ನೀರು ಬರುವ ದಿನದ ಕೀಲಿಕೈಗಳು

ಬೆಟಗೇರಿಯಲ್ಲಿ ನಳಕ್ಕೆ ನೀರು ಯಾವ ದಿನ ಬರುತ್ತದೆಂದು ಯಾರೂ ಖಚಿತವಾಗಿ ಹೇಳಲಾರರು. ಹಾಗಾಗಿ ನಮ್ಮ ಓಣಿಯಲ್ಲಿ ಕೆಲಸಕ್ಕೆ ಹೋಗುವವರು ಮನೆಯ ಕೀಲಿಕೈಯನ್ನು ಹಗಲೆಲ್ಲ ಮನೆಯಲ್ಲೇ ಇರುವವರ ಕೈಗೆ ಕೊಟ್ಟು ಹೋಗುತ್ತಾರೆ. ನೀರು ಬಂದರೆ ಅವರ ಬಾಗಿಲು ತೆಗೆದು ಬ್ಯಾರಲ್ ತುಂಬಿಸಬೇಕು. ಹಾಗೆ ಮನೆಯಲ್ಲೇ ಇರುವವಳು ನಾನು.

ಮುಂಡರಗಿಯ ಹೆಣ್ಣುಮಕ್ಕಳ ವಸತಿನಿಲಯದಲ್ಲಿ ಮೇಲ್ವಿಚಾರಕಿಯಾಗಿ ನಿವೃತ್ತಳಾದೆ. ಮದುವೆಯಾಗಲಿಲ್ಲ. ಗಂಟೆ ಬಾರಿಸುವ ಕೆಲಸ ಮುಗಿದರೂ ಗಂಟೆಗೆ ಮೊದಲೇ ಏಳುವ ರೂಢಿ ಹೋಗಲಿಲ್ಲ. ಅಂಗಳ ಗುಡಿಸಿ, ಸ್ನಾನ ಮುಗಿಸಿ, ಚಹಾ ಕುಡಿದು ಕೂತರೆ ಇಡೀ ದಿನ ಖಾಲಿ. ಮೊದಲ ಕೀಲಿಕೈ ಬಂದಾಗ ಸಂತೋಷವಾಗಿ ಬಾಗಿಲ ಪಕ್ಕ ಮೊಳೆ ಹೊಡೆದೆ. ಆಮೇಲೆ ಮೊಳೆಗಳು ಸಾಲಾದವು. ಕೊಡಲು ಬೆಳಿಗ್ಗೆ, ಒಯ್ಯಲು ಸಂಜೆ, ಜನ ಬರುತ್ತಿದ್ದರು. ನೀರು ಬರದ ದಿನವೂ ನಾನು ಹೊರಗೆ ಹೋಗುವಂತಿರಲಿಲ್ಲ. ಬಂದುಬಿಟ್ಟರೆ?

ವಸತಿನಿಲಯದಲ್ಲಿ ಅಡುಗೆ ಮಾಡುತ್ತಿದ್ದ ಗೆಳತಿ ಈಗ ಲಕ್ಷ್ಮೇಶ್ವರದಲ್ಲಿದ್ದಾಳೆ. ಪ್ರತಿ ಬುಧವಾರ ಫೋನ್ ಮಾಡುತ್ತಿದ್ದಳು.

"ನಾಳಿಗೆ ಬಾ ಬೇ. ಬದನಿಕಾಯಿ ಎಣ್ಣಿಗಾಯಿ ಮಾಡತೀನಿ."

"ನಾಳಿಗೆ ನೀರ ಬರಬಹುದು."

"ನಗರಸಭಿ ನೌಕರಿ ಹಿಡದೀಯೇನ?"

ಇಬ್ಬರೂ ನಗುತ್ತಿದ್ದೆವು. ಒಂದು ಬುಧವಾರ ಅವಳು ನಗಲಿಲ್ಲ. "ಆತು, ಇನ್ನ ಕರಿಯೂದಿಲ್ಲ" ಎಂದು ಫೋನ್ ಇಟ್ಟಳು. ಮುಂದಿನ ಬುಧವಾರ ಫೋನ್ ಬರಲೇ ಇಲ್ಲ. ಫೋನಿನ ಪಕ್ಕದಲ್ಲೇ ಊಟ ಮಾಡಿದೆ, ದೀಪ ಹಚ್ಚಿದೆ. ಒಲ್ಲೆ ಎನ್ನಲು ನನಗೆ ಬರುವುದಿಲ್ಲ ಎಂದುಕೊಂಡಿದ್ದೆ. ಬರುತ್ತಿತ್ತು. ಸಿಟ್ಟಾಗಲಾರಳೆಂದು ಅವಳೊಬ್ಬಳಿಗೇ ಒಲ್ಲೆ ಎನ್ನುತ್ತ ಬಂದಿದ್ದೆ.

ಮರುದಿನ ಬೆಳಿಗ್ಗೆ, ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುವ ಎದುರುಮನೆಯ ಹೆಣ್ಣುಮಗಳು ಕೀಲಿಕೈ ಚಾಚಿದಳು. ನಾನು ಕೈ ಮುಂದೆ ಮಾಡಲಿಲ್ಲ.

"ಇನ್ನ ಮ್ಯಾಲೆ ಇಟ್ಕೊಳ್ಳೂದಿಲ್ಲವ್ವ."

"ಯಾಕ್ರಿ ಅಕ್ಕಾರ, ಆರಾಮ ಇಲ್ಲೇನ್ರಿ?"

"ಆರಾಮ ಅದೀನಿ. ಊರಿಗೆ ಹೊಂಟೀನಿ."

ಅವಳು ನಕ್ಕಳು. "ನಿಮಗ ಯಾವ ಊರ್ರಿ?"

ಚೇಷ್ಟೆಗೆ ಅಂದದ್ದು. ಆದರೆ ರಾತ್ರಿಯೆಲ್ಲ ಜೋಡಿಸಿಟ್ಟುಕೊಂಡ ಕಾರಣಗಳು ಅಷ್ಟಕ್ಕೇ ಮರೆತುಹೋದವು. "ಲಕ್ಷ್ಮೇಶ್ವರ" ಎಂದಷ್ಟೇ ಹೇಳಿದೆ. ಉಳಿದವರು ಬಂದಾಗಲೂ ಕೀಲಿಕೈ ತೆಗೆದುಕೊಳ್ಳದೆ ಕಳಿಸಿದೆ. ಒಬ್ಬರು, "ಮನ್ಯಾಗ ಕುಂತವರಿಗೆ ಅಷ್ಟೂ ಭಾರ ಆತೇನ?" ಎಂದು ಗೊಣಗಿಕೊಂಡೇ ಹೋದರು.

ನನ್ನ ಬಾಗಿಲಿಗೆ ಕೀಲಿ ಹಾಕಿ ನಿಂತಾಗ ಒಂದು ತಿಳಿಯಿತು. ಓಣಿಯವರ ಕೀಲಿಕೈ ಕಾಯ್ದವಳಿಗೆ ತನ್ನದನ್ನು ಕೊಟ್ಟು ಹೋಗಲು ಯಾರೂ ಇರಲಿಲ್ಲ. ಎಲ್ಲರಿಗೂ ಒಲ್ಲೆ ಎಂದ ಮೇಲೆ ಯಾರನ್ನು ಕೇಳುವುದು? ಚೀಲದಲ್ಲಿ ಹಾಕಿಕೊಂಡು ಬಸ್ ಹತ್ತಿದೆ. ದಾರಿಯುದ್ದಕ್ಕೂ ಅದನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಗೆಳತಿ ಬಾಗಿಲು ತೆಗೆದು, "ಅಂತೂ ನೀರ ಬಿಟ್ಟ ಬಂದಿ" ಎಂದಳು. ಒಳಗೆ ಕರೆಯಲಿಲ್ಲ, ಬೈಯಲಿಲ್ಲ. ರೊಟ್ಟಿ ಬಡಿದಳು, ತಿಂದೆವು. ಎಣ್ಣೆಗಾಯಿ ಮಾಡಿರಲಿಲ್ಲ. ನಾನು ಬರುವೆನೆಂದು ಅವಳಿಗೇನು ಗೊತ್ತು? ಹೊರಟಾಗ, ಮತ್ತೆ ಬಾ ಎನ್ನಲಿಲ್ಲ.

ಸಂಜೆ ಮರಳಿದರೆ ಓಣಿಯೆಲ್ಲ ಒದ್ದೆ. ನೀರು ಬಂದು ಹೋಗಿತ್ತು. ಎದುರುಮನೆಯವಳು ಮೆಟ್ಟಿಲು ತೊಳೆಯುತ್ತಿದ್ದಳು.

"ರಜಾ ಕೇಳಿ ಓಡಿ ಬಂದೇರಿ ಅಕ್ಕಾರ. ಕೀಲಿಕೈ ಕೊಟ್ಟ ಹೋಗಿದ್ರ ನಿಮ್ಮದೂ ತುಂಬಿಸಿಬಿಡತಿದ್ದೆ. ಎರಡ ಕೊಡ ತಂದಕೊಡ್ಲೇನ್ರಿ?"

ಕುಟುಕಿದಳೋ, ನಿಜವಾಗಿ ಕೇಳಿದಳೋ ತಿಳಿಯುವ ಮೊದಲೇ "ಬ್ಯಾಡ" ಎಂದುಬಿಟ್ಟಿದ್ದೆ. ಹೊಸದಾಗಿ ಕಲಿತ ಮಾತು ಬಾಯಿಂದ ಬೇಗ ಬಂತು. ಅವಳು ಪೊರಕೆ ಎತ್ತಿಕೊಂಡು ಒಳಗೆ ಹೋದಳು.

ಆ ವಾರ ಬ್ಯಾರಲ್ಲಿನ ತಳದ ನೀರನ್ನೇ ಹಂಚಿಕೊಂಡು ಕಳೆದೆ. ಬೆಳಿಗ್ಗೆ, ಸಂಜೆ ಯಾರೂ ಬಾಗಿಲಿಗೆ ಬರಲಿಲ್ಲ. ಮೊಳೆಗಳ ಸಾಲಿನಲ್ಲಿ ನನ್ನ ಕೀಲಿಕೈ ಒಂದೇ ತೂಗುತ್ತಿತ್ತು.

ಬುಧವಾರ ನಾನೇ ಫೋನ್ ಮಾಡಿದೆ.

"ನಾಳಿಗೆ ಬರತೀನಿ."

"ನೀರ ಬಂದ್ರ?"

"ಬರಲಿ."

"ಬದನಿಕಾಯಿ ತರಸತೀನಿ ಹಂಗಾರ" ಎಂದಳು.