ಅಕ್ಕನ ವಾಕ್ಯ

ಊರಿಗೆಲ್ಲ ಮೇಷ್ಟ್ರಾಗಿದ್ದ ನನ್ನ ಗೆಳೆಯ ಕೂತು ಪಾಠ ಮಾಡಿದ್ದನ್ನು ನಾನು ಕಂಡಿಲ್ಲ. ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಮೂವತ್ತು ವರ್ಷ ಇಂಗ್ಲಿಷ್ ವ್ಯಾಕರಣ ಹೇಳುತ್ತ ಓಡಾಡಿದ. ವಾಕ್ಯಗಳನ್ನು ಜೋಡಿಸುವ ಪದಗಳೆಂದರೆ ಅವನಿಗೆ ಪ್ರಾಣ: ‘ಆ್ಯಸ್ ಸೂನ್ ಆ್ಯಸ್’ನಂತೆ ಹಲವು ಪದ ಸೇರಿ ಒಂದಾದವು, ‘ನೈದರ್–ನಾರ್’ನಂತೆ ಜೋಡಿಯಾಗಿಯೇ ಬರುವವು. ಉದಾಹರಣೆಗಳನ್ನು ಬೇರೆ ಪುಸ್ತಕದಿಂದ ಎತ್ತುತ್ತಿರಲಿಲ್ಲ, ಎಲ್ಲವೂ ಮನೆಯವೇ. ‘ನಾನು ಚಪ್ಪಲಿ ಬಿಟ್ಟ ಕೂಡಲೇ ಹೆಂಡತಿ ಚೀಲ ಕೊಡುತ್ತಾಳೆ’ ಎಂಬುದು ಊರಿನ ಅರ್ಧದಷ್ಟು ಮಕ್ಕಳಿಗೆ ಬಾಯಿಪಾಠ.

ನಾನು ಕರಡು ತಿದ್ದುವ ಅಚ್ಚುಕೂಟದಲ್ಲೇ ಅವನು ಬರೆದ ವ್ಯಾಕರಣದ ಗೈಡು ಅಚ್ಚಾಯಿತು. ಆ ವರ್ಷ ಅವನ ತಾಯಿ ಹಾಸಿಗೆ ಹಿಡಿದಿದ್ದರು. ನೈದರ್–ನಾರ್‌ಗೆ ಅವನು ಬರೆದದ್ದು: ‘ನನ್ನ ಅಕ್ಕ ಬರಲೂ ಇಲ್ಲ, ಕಾಗದ ಬರೆಯಲೂ ಇಲ್ಲ.’ ಅಕ್ಕನ ಮಗಳು ಅದನ್ನೇ ಗಟ್ಟಿಯಾಗಿ ಓದಿ, ಇದು ಯಾರಮ್ಮ ಎಂದು ಕೇಳಿದಳಂತೆ. ಅಂದಿನಿಂದ ಅಕ್ಕ ಮಾತು ಬಿಟ್ಟರು.

ಹೋಗಿ ಕ್ಷಮೆ ಕೇಳು ಎಂದು ಹೇಳಿ ಹೇಳಿ ನಾನು ಸೋತೆ.

“ತಪ್ಪು ಅಚ್ಚಲ್ಲಿದೆ ಕಣೋ. ತಿದ್ದೋದೂ ಅಚ್ಚಲ್ಲೇ ಆಗ್ಬೇಕು.”

ಹಳೆಯ ಪ್ರತಿ ಮುಗಿಯದೆ ಹೊಸದಿಲ್ಲ ಎಂದರು ಅಚ್ಚುಕೂಟದ ಮಾಲೀಕರು. ಅಲ್ಲಿಂದ ಅವನ ಕಾಲು ನಿಲ್ಲಲಿಲ್ಲ. ಅಂಗಡಿ ಅಂಗಡಿ ಸುತ್ತಿ, ತನ್ನ ಪುಸ್ತಕ ತಾನೇ ಕೊಂಡು, ಕ್ಷೌರದವನಿಗೆ, ಬಸ್ ಕಂಡಕ್ಟರಿಗೆಲ್ಲ ಹಂಚಿದ. ಆರು ವರ್ಷಕ್ಕೆ ಪ್ರತಿಗಳು ಖಾಲಿಯಾದವು. ಅಚ್ಚಿಗೆ ದಿನ ಗೊತ್ತಾದ ವಾರವೇ ಆ ಕೋಣೆಯ ಮೆಟ್ಟಿಲ ಮೇಲೆ ಕುಸಿದವನು ಏಳಲಿಲ್ಲ. ಕರಡಿನಲ್ಲಿ ಅವನ ಪೆನ್ಸಿಲಿನ ಗೀಚು: ‘ಅಕ್ಕನ ವಾಕ್ಯ ತೆಗಿ.’ ಬದಲಿಗೆ ಏನೆಂದು ಬರೆದಿರಲಿಲ್ಲ.

ಮನೆಯಲ್ಲಿ ಚಹಾವೂ ಇಲ್ಲ, ಕಾಫಿಯೂ ಇಲ್ಲ ಎಂದು ಏನೋ ಒಂದು ಸೇರಿಸಿದೆ. ಇನ್ನೇನು ಯಂತ್ರ ಹೊರಡಬೇಕು, ಅಕ್ಕ ಬಂದರು. ಹೊಸ ಅಚ್ಚಿನ ವಿಷಯ ಅವನ ಹೆಂಡತಿ ಹೇಳಿದ್ದಳಂತೆ. ಪುಟ ಕೇಳಿ ಪಡೆದು, ಕನ್ನಡಕ ಏರಿಸಿ ಓದಿದರು.

“ನನ್ನ ಜಾಗದಲ್ಲಿ ಕಾಫಿ ಕೂರಿಸಿದ್ದೀಯಲ್ಲೋ.”

ಅವನೇ ತೆಗೆಯಲು ಹೇಳಿದ್ದು ಎಂದು ಪೆನ್ಸಿಲಿನ ಸಾಲು ತೋರಿಸಿದೆ. ಅದರ ಮೇಲೆ ಬೆರಳಾಡಿಸಿದರು.

“ಅವನೇನು ಸುಳ್ಳು ಬರೆದಿದ್ನಾ? ನಾನು ಹೋಗ್ಲಿಲ್ಲ, ಬರೀಲೂ ಇಲ್ಲ. ಅವನ ಪುಸ್ತಕದಲ್ಲಿ ನಾನಿರೋದು ಅಲ್ಲೊಂದೇ ಕಡೆ. ಇರ್ಲಿ ಬಿಡಪ್ಪ.”

ಕಿಟಕಿಗೂ ಮೇಜಿಗೂ ಮೂರು ಸಲ ಓಡಾಡಿದೆ, ಥೇಟ್ ಅವನ ಹಾಗೆ. ಆಮೇಲೆ ಯಂತ್ರ ಶುರುಮಾಡದಂತೆ ಹೇಳಿ, ಹಳೆಯ ವಾಕ್ಯವನ್ನೇ ಮರಳಿ ಹಾಕಿಸಿದೆ. ಮೊದಲ ಹಾಳೆ ಬಂದಾಗ ಮಸಿ ಒಣಗುವವರೆಗೂ ಅಕ್ಕ ಅದನ್ನು ಎರಡು ತುದಿಯಲ್ಲಿ ಹಿಡಿದು ನಿಂತಿದ್ದರು.

ಗೆಳೆಯನ ಕೊನೆಯ ಮಾತು ಮೀರಿದೆ. ಇವತ್ತಿಗೂ ಕೂತಲ್ಲಿ ಕೂರಲಾಗುತ್ತಿಲ್ಲ.