ಬಾಗಿಲಲ್ಲೇ ನಿಂತ ಸಕ್ಕರೆ

ಮನೆತನದಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವನು ಕುರುಬರಹಳ್ಳಿಯ ಲಕ್ಷ್ಮೀಪತಿ. ರಾಜಾಜಿನಗರದ ಕಾಲೇಜೊಂದರಲ್ಲಿ ಜೀವರಸಾಯನ ಪಾಠ ಹೇಳುತ್ತಿದ್ದ. ಸಿಟ್ರಿಕ್ ಆಮ್ಲದ ಚಕ್ರವನ್ನು ಕಣ್ಣು ಮುಚ್ಚಿಕೊಂಡು ಬೋರ್ಡಿನ ಮೇಲೆ ಬರೆಯುತ್ತಿದ್ದ. ಹುಡುಗರು ಅದನ್ನು ಪರೀಕ್ಷೆಯಲ್ಲಿ ಕಕ್ಕುತ್ತಿದ್ದರು, ಇವನು ಅಂಕ ಸುರಿಯುತ್ತಿದ್ದ. ಆ ಚಕ್ರ ಯಾರ ಮೈಯೊಳಗೆ ತಿರುಗುತ್ತದೆ ಎಂದು ಕೇಳಿದವರೂ ಇಲ್ಲ, ಹೇಳಿದವರೂ ಇಲ್ಲ. ನಮ್ಮ ವಿದ್ಯೆಯ ಹಣೆಬರಹವೇ ಇಷ್ಟು.

ಎಂಬತ್ತಾರರ ಬೇಸಿಗೆಯಲ್ಲಿ ಅವನ ಭಾವ ಮುನಿರಾಮಯ್ಯ ನೆಲ ಹಿಡಿದ. ಲಗ್ಗೆರೆಯಲ್ಲಿ ಲೇತ್ ಕೆಲಸ. ತಿಂಗಳುಗಟ್ಟಲೆ ಅನ್ನ ಬಿಟ್ಟು ಸಾರಾಯಿಯಲ್ಲೇ ಬದುಕಿದ್ದ. ಸುಂಕದಕಟ್ಟೆಯ ನರ್ಸಿಂಗ್ ಹೋಮಿಗೆ ಹೊತ್ತು ತಂದರು.

"ಗ್ಲೂಕೋಸ್ ಹಾಕ್ಸೋ, ನೀನೇ ಹೇಳು ಡಾಕ್ಟ್ರಿಗೆ," ಎಂದಳು ಅಕ್ಕ ಇಂದ್ರಮ್ಮ.

ಓದಿದ ತಮ್ಮ ಹೇಳಿಯೇಬಿಟ್ಟ. ನಿಶ್ಶಕ್ತಿ ಅಂದರೆ ಗ್ಲೂಕೋಸ್, ಬಂದವರಿಗೆಲ್ಲ ಅದೇ ಬಾಟಲಿ. ರೋಗಿ ಏನು ತಿನ್ನುತ್ತಿದ್ದ ಎಂದು ಡಾಕ್ಟರೂ ಕೇಳಲಿಲ್ಲ.

ಬಾಟಲಿ ಅರ್ಧ ಇಳಿಯುವಷ್ಟರಲ್ಲಿ ಭಾವನ ಕಣ್ಣುಗುಡ್ಡೆಗಳು ಅತ್ತಿತ್ತ ಓಡತೊಡಗಿದವು. ಹೆಂಡತಿಯ ಗುರುತೂ ಹತ್ತಲಿಲ್ಲ. ಲಕ್ಷ್ಮೀಪತಿ ವರಾಂಡದಲ್ಲಿ ಶತಪಥ ಹಾಕಿದ. ಕೂತ, ಎದ್ದ, ಮತ್ತೆ ಕೂತ. ಬೆರಳು ತಾನಾಗಿ ಗೋಡೆಯ ಮೇಲೆ ಚಕ್ರ ಬರೆಯತೊಡಗಿತು. ಸಕ್ಕರೆ ಒಡೆದು ಎರಡು ಇಂಗಾಲದ ತುಣುಕಾಗಬೇಕು. ಅದು ನಾಲ್ಕು ಇಂಗಾಲದ ಆಮ್ಲವನ್ನು ಕೂಡಿದರೆ ಸಿಟ್ರಿಕ್ ಆಮ್ಲ. ಚಕ್ರ ತಿರುಗಿದಂತೆ ಎರಡು ಇಂಗಾಲ ಉಸಿರಲ್ಲಿ ಹೊರಗೆ ಹೋಗುತ್ತವೆ, ಜೀವಕ್ಕೆ ಶಕ್ತಿ ದಕ್ಕುತ್ತದೆ, ಉಳಿದ ನಾಲ್ಕು ಮುಂದಿನ ತುಣುಕಿಗೆ ಕಾಯುತ್ತವೆ. ಆದರೆ ಒಳಗೆ ಕಾಲಿಡುವ ಬಾಗಿಲಲ್ಲೇ ಬಿ-ಒನ್ ವಿಟಮಿನ್ ಬೇಕು.

ಬೆರಳು ಅಲ್ಲಿ ನಿಂತಿತು. ಅನ್ನ ಕಾಣದ ಮೈಗೆ ಅದೆಲ್ಲಿಂದ ಬರಬೇಕು? ಚೂರುಪಾರು ಉಳಿದದ್ದನ್ನೂ ಈ ಗ್ಲೂಕೋಸ್ ಬಳಿದುಕೊಂಡಿದೆ. ಮಿದುಳು ಸಕ್ಕರೆಯ ನಡುವೆಯೇ ಹಸಿದು ಸಾಯುತ್ತಿದೆ!

ಓಡಿಹೋಗಿ ನಳಿಕೆಯನ್ನು ಅದುಮಿ ಹಿಡಿದ. ಇಂದ್ರಮ್ಮ ಅವನ ಕೈಗೆ ಬಾರಿಸಿದಳು.

"ನನ್ ತಾಳಿ ಕೀಳ್ತೀಯೇನೋ? ನೀನೇ ಹಾಕ್ಸಿ ನೀನೇ ನಿಲ್ಲಿಸ್ತೀಯಾ?"

"ತಪ್ಪಾಯ್ತು ಕಣಕ್ಕಾ. ಮೊದ್ಲು ಬಿ-ಒನ್ ಇಂಜೆಕ್ಷನ್ ಕೊಡ್ಬೇಕಿತ್ತು."

ಡಾಕ್ಟರು ನಕ್ಕರು. "ಮೇಷ್ಟ್ರೇ, ಪಾಠ ಕಾಲೇಜಲ್ಲಿಟ್ಕೊಳ್ಳಿ."

"ಬೈಯಿರಿ ಸಾರ್, ಚುಚ್ಚಿ ಆಮೇಲೆ ಬೈಯಿರಿ."

ಗೊಣಗುತ್ತಲೇ ಚುಚ್ಚಿದರು. ಮಾರನೆಯ ದಿನ ಮುನಿರಾಮಯ್ಯನ ಕಣ್ಣುಗಳು ನೆಟ್ಟಗಾದವು. "ಇಂದ್ರೀ," ಎಂದು ಕರೆದ. "ಈಗ್ತಾನೆ ನಮ್ಮಪ್ಪ ಬಂದಿದ್ದ ಕಣೇ, ಸೈಕಲ್ ಆಚೆ ನಿಲ್ಸಿದ್ದ."

ಅವನಪ್ಪ ಸತ್ತು ಎಷ್ಟೋ ವರ್ಷವಾಗಿತ್ತು. "ಕನಸು ಬಿದ್ದಿರ್ಬೇಕು," ಎಂದು ಇಂದ್ರಮ್ಮ ಖುಷಿಯಲ್ಲಿ ನಕ್ಕಳು. ಲಕ್ಷ್ಮೀಪತಿ ನಗಲಿಲ್ಲ. ಬಿ-ಒನ್ ತಡವಾದರೆ ಕಣ್ಣು ಸರಿಹೋದರೂ ನೆನಪು ಅಳಿಸಿಹೋಗುತ್ತದೆ, ಆ ಖಾಲಿ ಜಾಗಕ್ಕೆ ಮಿದುಳು ಕಥೆ ಕಟ್ಟುತ್ತದೆ ಎಂದು ಎಲ್ಲೋ ಓದಿದ್ದ.

"ಭಾವ, ಬೆಳಿಗ್ಗೆ ಏನು ತಿಂದ್ರಿ?"

ಅವನು ಆಗಷ್ಟೇ ಇಡ್ಲಿ ತಿಂದ ತಟ್ಟೆ ಇನ್ನೂ ಮಂಚದ ಮೇಲೇ ಇತ್ತು. ಮುನಿರಾಮಯ್ಯ ಹಣೆ ಉಜ್ಜಿಕೊಂಡ. "ಯಾರೂ ಏನೂ ಕೊಟ್ಟಿಲ್ಲ ಕಣಪ್ಪಾ."

ಇಂದ್ರಮ್ಮ ನಗು ನಿಲ್ಲಿಸಿ ತಮ್ಮನ ಮುಖ ನೋಡಿದಳು.