ಒಂದು ದಿನ ತಡವಾಗಿ ಹೋದ ವೈರಸ್

ಕಳೆದ ವರ್ಷದ ಬೇಸಿಗೆ ರಜೆಯ ಮಾತು. ರೋಣದ ಒಂದು ಶಾಲೆಯಲ್ಲಿ ನಾನು ಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತೇನೆ. ಮದುವೆಯಾಗಿಲ್ಲ. ಅವ್ವ ತೀರಿಕೊಂಡ ಮೇಲೆ ಮನೆಯಲ್ಲಿ ನಾನೊಬ್ಬಳೇ. ಶಾಲೆ ಇದ್ದಾಗ ದಿನ ಹೇಗೋ ಹೋಗುತ್ತದೆ. ರಜೆ ಬಂತೆಂದರೆ, ಬೆಳಗಿನಿಂದ ಯಾರ ಜೊತೆಗೂ ಮಾತಾಡಿಲ್ಲ ಎಂಬುದು ಮಧ್ಯಾಹ್ನದ ಹೊತ್ತಿಗೆ ನೆನಪಾಗುತ್ತದೆ. ಅಂಥ ಒಂದು ಮಧ್ಯಾಹ್ನ ಫೋನ್ ಬಂತು.

"ಅಕ್ಕಾ, ನಾ ಗೀತಾ ಮಾತಾಡಾಕತ್ತೀನಿ."

ಒಡಹುಟ್ಟಿದ ತಂಗಿ ನನಗೆ ತನ್ನ ಹೆಸರು ಹೇಳಿ ಗುರುತು ಕೊಡಬೇಕಾಗಿತ್ತು. ನಾವು ಮಾತು ಬಿಟ್ಟು ಮೂರು ವರ್ಷವಾಗಿತ್ತು.

ಅದಕ್ಕೆ ಕಾರಣ ನಾನೇ. ಅವ್ವ ಹೋದಾಗ ಗೀತಾ ಕೊಣ್ಣೂರಿನ ಆಚೆ, ಗಂಡನ ಊರಲ್ಲಿದ್ದಳು. ಮಲಪ್ರಭೆ ತುಂಬಿ ಸೇತುವೆಯ ಮೇಲೆ ನೀರು ಹರಿಯುತ್ತಿತ್ತು. ಅವಳು ಬಂದು ಮುಟ್ಟಿದಾಗ ಮಣ್ಣು ಮಾಡಿ ಎರಡು ದಿನವಾಗಿತ್ತು. ಬಾಗಿಲಲ್ಲಿ ನಿಂತವಳಿಗೆ ನಾನು ಎಲ್ಲರೆದುರು, "ಬರೋ ಮನಸ್ಸಿದ್ದಾಕಿಗೆ ದಾರಿ ಸಿಗತಿತ್ತು" ಅಂದುಬಿಟ್ಟೆ. ಅವಳು ಆಮೇಲೆ ಒಂದು ಫೋನನ್ನೂ ಮಾಡಲಿಲ್ಲ. ನಾನೂ ಮಾಡಲಿಲ್ಲ.

ಈಗ ಅವಳು ಗಜೇಂದ್ರಗಡದಲ್ಲಿದ್ದಾಳೆ. ಗಂಡ ಲಾರಿ ಓಡಿಸುತ್ತಾನೆ, ತಿಂಗಳಲ್ಲಿ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಅವಳು ಕಂಪ್ಯೂಟರ್ ಕಸೂತಿ ಮಾಡುತ್ತಾಳೆ. ಲ್ಯಾಪ್‌ಟಾಪಿನಲ್ಲಿ ಡಿಸೈನ್ ಬರೆದು ಪೆನ್‌ಡ್ರೈವಿಗೆ ಹಾಕುತ್ತಾಳೆ. ಅದನ್ನು ಮಷಿನ್ನಿಗೆ ಚುಚ್ಚಿದರೆ ಮಷಿನ್ನೇ ಬ್ಲೌಸಿನ ಮೇಲೆ ಬಳ್ಳಿ, ನವಿಲು ಎಲ್ಲ ಹೊಲಿಯುತ್ತದೆ.

"ಲ್ಯಾಪ್‌ಟಾಪಿಗೆ ವೈರಸ್ ಹೊಕ್ಕೈತಿ. ಒಂದ್ ಡಿಸೈನೂ ತೆರಿವಲ್ದು. ಅಂಗಡಿಯವರು ಎಲ್ಲಾ ಅಳಿಸಬೇಕು ಅಂತಾರ. ನಾಕ ವರ್ಷ ನಾನ ಕೂತು ಬರದಿದ್ದು ಅಕ್ಕಾ. ನಿನಗ ಆಗತೈತೇನು?"

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟೆ.

ಅವಳ ಕೋಣೆಯಲ್ಲಿ ಮಷಿನ್ ಸುಮ್ಮನೆ ನಿಂತಿತ್ತು. ಲ್ಯಾಪ್‌ಟಾಪ್ ತೆರೆದರೆ ಎಲ್ಲ ಫೋಲ್ಡರ್‌ಗಳೂ ಒತ್ತಿದರೆ ಏನೂ ತೆರೆಯದ ಬರೀ ಶಾರ್ಟ್‌ಕಟ್ ಆಗಿದ್ದವು. ಫೈಲುಗಳು ಹೋಗಿರಲಿಲ್ಲ, ಅಡಗಿದ್ದವು ಅಷ್ಟೇ. ಅವನ್ನು ಹೊರಗೆ ತೆಗೆದು, ವೈರಸ್ ಅಳಿಸಿ, ಪರೀಕ್ಷೆ ಮಾಡಿ, ಸಂಜೆಗೆ ಎಲ್ಲ ಸರಿಯಾಯಿತು ಎಂದು ರೋಣಕ್ಕೆ ವಾಪಸ್ ಬಂದೆ. ಮರುದಿನ ನಾನಿನ್ನೂ ಚಹಾ ಕುಡಿಯುತ್ತಿದ್ದೆ, ಗೀತಾ ಫೋನ್ ಮಾಡಿದಳು. "ಮತ್ತ ಹಂಗ ಆತಕ್ಕಾ."

ಮತ್ತೆ ಹೋದೆ. ಮತ್ತೆ ಅಳಿಸಿದೆ. ಮಧ್ಯಾಹ್ನ ಗೀತಾ ಊಟಕ್ಕೆ ಕರೆದಳು. ರೊಟ್ಟಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ. ಎರಡು ರೊಟ್ಟಿಯಾದ ಮೇಲೆ ಕೇಳದೆಯೇ ಮೂರನೆಯದನ್ನು ಮುರಿದು ಅರ್ಧ ನನ್ನ ತಾಟಿಗೆ ಹಾಕಿದಳು. ನಾನು ಎರಡೂವರೆ ಉಣ್ಣುತ್ತೇನೆಂಬುದು ಅವಳಿಗೆ ಮರೆತಿರಲಿಲ್ಲ. ತಲೆ ಎತ್ತದೆ ಉಂಡೆ.

ಊಟವಾದ ಮೇಲೆ ಅವಳು ಡಿಸೈನ್ ತೆಗೆದುಕೊಳ್ಳಲೆಂದು ಪೆನ್‌ಡ್ರೈವ್ ಹಾಕಿದಳು. ಕಣ್ಣೆದುರೇ ಫೋಲ್ಡರ್‌ಗಳು ಒಂದೊಂದಾಗಿ ಶಾರ್ಟ್‌ಕಟ್ ಆದವು. ನನಗೆ ತಕ್ಷಣ ಗೊತ್ತಾಯಿತು. ವೈರಸ್ ಪೆನ್‌ಡ್ರೈವಿನಲ್ಲಿ ಕೂತಿತ್ತು. ಅಲ್ಲಿಂದಲೇ ಪ್ರತಿ ಸಲ ವಾಪಸ್ ಬರುತ್ತಿತ್ತು. ಅದನ್ನು ತೆಗೆಯುವುದು ಕಾಲು ಗಂಟೆಯ ಕೆಲಸ.

ಹೇಳಬೇಕೆಂದು ಬಾಯಿ ತೆರೆದೆ. ಹೇಳಿದರೆ ಕೆಲಸ ಮುಗಿಯುತ್ತದೆ, ಮುಗಿದರೆ ನಾನು ರೋಣಕ್ಕೆ ಹೋಗಬೇಕು, ಮತ್ತೆ ಇಲ್ಲಿಗೆ ಬರಲು ಕಾರಣವಿರುವುದಿಲ್ಲ ಎಂದು ಹೊಳೆಯಿತು.

"ಇನ್ನೂ ಸ್ವಲ್ಪ ಉಳದೈತಿ. ನಾಳೆ ಬರ್ತೀನಿ. ಅಲ್ಲೀತನಕ ಏನೂ ಮುಟ್ಟಬ್ಯಾಡ," ಎಂದೆ.

ಗೀತಾ ಮಷಿನ್ ಕಡೆ ಒಮ್ಮೆ ನೋಡಿ, "ಆತು," ಅಂದಳು.

ಮೂರನೆಯ ದಿನ ನಾನು ಲ್ಯಾಪ್‌ಟಾಪ್ ಮುಂದೆ ಕೂತಿದ್ದಾಗ ಒಬ್ಬ ಹೆಂಗಸು ಬಂದರು. ಮಗಳ ಮದುವೆಯ ಬ್ಲೌಸ್ ಕೊಟ್ಟಿದ್ದವರು. ಒಳಗೆ ಬರದೆ ಹೊಸ್ತಿಲಲ್ಲೇ ನಿಂತರು.

"ನಾಳೆ ಅಂದ್ರಿ, ಮತ್ತ ನಾಳೆ ಅಂದ್ರಿ. ನಾಳಿದ್ದ ಅರಿಷಿಣ ಐತ್ರಿ. ಹುಡುಗಿ ಅಳಕೋತ ಕುಂತಾಳ. ಆಗೂದಿಲ್ಲ ಅಂದ್ರ ಅರಿಬಿ ಕೊಟ್ಟುಬಿಡ್ರಿ. ಇನ್ನ ಮ್ಯಾಲೆ ನಮ್ಮ ಓಣ್ಯಾಗಿಂದ ಯಾರೂ ನಿಮ್ಮಲ್ಲಿ ಬರೂದಿಲ್ಲ."

ಗೀತಾ ತಲೆ ತಗ್ಗಿಸಿ ನಿಂತಿದ್ದಳು. "ಇವತ್ತೊಂದ್ ದಿನ ಕೊಡ್ರಿ ಅಕ್ಕಾರ. ನಮ್ಮಕ್ಕ ಬಂದಾಳ, ಸಾಲ್ಯಾಗ ಕಂಪ್ಯೂಟರ್ ಕಲಸ್ತಾಳ. ಎರಡ ದಿನದಿಂದ ಒಂದ ಸವನ ಕುಂತಾಳ. ಆಕಿ ಕೈಲೆ ಆಗಲಿಲ್ಲ ಅಂದ್ರ ಯಾರ ಕೈಲೂ ಆಗೂದಿಲ್ಲ."

ಆ ಹೆಂಗಸು ನನ್ನತ್ತ ನೋಡಿದರು. ನನಗೆ ಅವರ ಮುಖ ನೋಡಲಾಗಲಿಲ್ಲ. ಸಂಜೆ ಬರುತ್ತೇನೆಂದು ಹೇಳಿ ಅವರು ಹೋದರು.

"ಗೀತಾ, ನನಗ ನಿನ್ನೇನ ಗೊತ್ತಾಗಿತ್ತು," ಎಂದೆ.

"ಏನು?"

"ವೈರಸ್ ಪೆನ್‌ಡ್ರೈವ್‌ನ್ಯಾಗ ಐತಿ. ನಿನ್ನೇನ ತಗೀಬಹುದಿತ್ತು. ಇನ್ನೊಂದ್ ದಿನ ಇಲ್ಲಿ ಬರಬೇಕನಿಸ್ತು. ಅದಕ್ಕ ಹೇಳಲಿಲ್ಲ."

ಅವಳು ಮೇಜಿನ ಮೇಲಿದ್ದ ಪೆನ್‌ಡ್ರೈವ್ ಎತ್ತಿಕೊಂಡಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ನನ್ನ ಕೆಲಸ ಹೋಗತಿತ್ತಕ್ಕಾ. ಸುಮ್ಮನ ಬಂದಿದ್ರ ನಾ ಬ್ಯಾಡ ಅಂತಿದ್ನೇನು?"

"ಅವ್ವ ಹೋದಾಗ ನಾ ಹಂಗ ಅನಬಾರದಿತ್ತು..."

"ಈಗ ಅದನ್ನ ತಗೀಬ್ಯಾಡ. ಮದಲ ಇದನ್ನ ಮಾಡು," ಎಂದು ಪೆನ್‌ಡ್ರೈವ್ ನನ್ನ ಮುಂದಿಟ್ಟಳು.

ನಿಜಕ್ಕೂ ಕಾಲು ಗಂಟೆಯಲ್ಲಿ ಮುಗಿಯಿತು. ಲ್ಯಾಪ್‌ಟಾಪ್, ಪೆನ್‌ಡ್ರೈವ್ ಎರಡನ್ನೂ ಸ್ವಚ್ಛ ಮಾಡಿ, ಮೂರು ಸಲ ಹಾಕಿ ತೆಗೆದು ನೋಡಿದೆ. ವೈರಸ್ ಮತ್ತೆ ಬರಲಿಲ್ಲ. ಮಷಿನ್ ಸದ್ದು ಮಾಡತೊಡಗಿತು. ಬ್ಲೌಸಿನ ತೋಳಿನ ಮೇಲೆ ನವಿಲಿನ ಕೊರಳು ಮೂಡುವವರೆಗೂ ಅಲ್ಲೇ ನಿಂತಿದ್ದೆ. "ಬರ್ತೀನಿ," ಎಂದೆ. ಅವಳು ಸೂಜಿಯಿಂದ ಕಣ್ಣು ತೆಗೆಯದೆ ತಲೆಯಾಡಿಸಿದಳು. ಬಸ್‌ಸ್ಟ್ಯಾಂಡಿಗೆ ಒಬ್ಬಳೇ ನಡೆದುಹೋದೆ. ರೋಣ ಬರುವವರೆಗೆ ಪಕ್ಕದ ಸೀಟು ಖಾಲಿಯೇ ಇತ್ತು.

ಮುಗಿದ ಬ್ಲೌಸಿನ ಒಂದು ಫೋಟೋ ಕಳಿಸಿದಳು, ಮಾತಿಲ್ಲ. ಆಮೇಲೆ ಒಂದೂವರೆ ತಿಂಗಳು ಏನೂ ಇಲ್ಲ. ಲ್ಯಾಪ್‌ಟಾಪ್ ಕೆಡಲೇ ಇಲ್ಲ. ಕೊನೆಗೆ ಒಂದು ಭಾನುವಾರ ಯಾವ ಕೆಲಸವೂ ಇಲ್ಲದೆ ಬಸ್ ಹತ್ತಿದೆ. ಬಾಗಿಲು ತೆರೆದ ಗೀತಾ, "ಏನ್ ಬಂದೀ?" ಎಂದು ಕೇಳಿದಳು. "ಸುಮ್ಮನ," ಎಂದೆ. ಅವಳು ಕುರ್ಚಿಯ ಮೇಲಿದ್ದ ಬಟ್ಟೆಯ ಗಂಟು ಎತ್ತಿ ಕೆಳಗಿಟ್ಟು ಜಾಗ ಮಾಡಿದಳು.

ಈಗ ತಿಂಗಳಿಗೊಮ್ಮೆ ಹೋಗುತ್ತೇನೆ. ಮೊದಲಿನಂತಾಗಿದ್ದೇವೆ ಎಂದು ಹೇಳಲಾರೆ. ಅವಳು ಮಷಿನ್ ಮುಂದೆ ಇರುತ್ತಾಳೆ, ನಾನು ದಾರಗಳನ್ನು ಬಣ್ಣದ ಪ್ರಕಾರ ಬೇರೆ ಮಾಡಿಡುತ್ತೇನೆ. ಆ ಹೆಂಗಸಿನ ಮುಂದೆ ಅವಳು ತಲೆ ತಗ್ಗಿಸಿ, ನನ್ನನ್ನು ನಂಬಿ, ನನ್ನನ್ನು ಹೊಗಳಿದ್ದು ಮಾತ್ರ ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ. ಒಬ್ಬಳೇ ಇರುವುದು ನನ್ನ ಕಷ್ಟ. ಅದಕ್ಕಾಗಿ ಬೈಸಿಕೊಂಡವಳು ಅವಳು.